ಟೇಪಿನ ಆ ತುದಿ

ಕಳೆದ ವಾರ ಹಳೆಯ ಕಾರನ್ನು ಮಾರುವ ಮೊದಲು ಒಳಗೆಲ್ಲ ಗುಡಿಸುತ್ತಿದ್ದೆ. ಪಕ್ಕದ ಸೀಟಿನ ಕೆಳಗೆ, ಸೀಟು ಸರಿಯುವ ಹಳಿಗೂ ಕಾರ್ಪೆಟ್ಟಿಗೂ ನಡುವೆ ಸಿಕ್ಕಿಕೊಂಡು ಒಂದು ಉಕ್ಕಿನ ಅಳತೆ ಟೇಪು ಇತ್ತು. ಮೂಗಿನ ಹತ್ತಿರ ಹಿಡಿದೆ. ಗ್ರೀಸಿನ ವಾಸನೆ, ಅದರ ಹಿಂದೆಯೇ ಲವಂಗದ ವಾಸನೆ. ಟೇಪಿನ ಯಜಮಾನರು ಸಿಗರೇಟು ಬಿಟ್ಟ ಮೇಲೆ ಅಂಗಿಯ ಜೇಬಿನಲ್ಲಿ ಸದಾ ನಾಲ್ಕು ಲವಂಗ ಇಟ್ಟುಕೊಂಡಿರುತ್ತಿದ್ದರು. ಟೇಪು ಇರುತ್ತಿದ್ದದ್ದೂ ಅದೇ ಜೇಬಿನಲ್ಲಿ. ಇಷ್ಟು ವರ್ಷದ ಮೇಲೂ ವಾಸನೆ ಉಳಿದಿತ್ತೇ, ಅಥವಾ ಟೇಪು ಕಂಡ ಕೂಡಲೇ ನನ್ನ ನೆನಪೇ ಅದನ್ನು ತಂದು ಸವರಿತೇ... ಹೇಳಲಾರೆ.

ನಾನು ಸ್ಯಾನ್ ಡಿಯಾಗೋದಲ್ಲಿ ಎಂ.ಎಸ್. ಓದುತ್ತಿದ್ದಾಗ ಸ್ಕ್ರಿಪ್ಸ್ ರ್ಯಾಂಚ್‌ನ ಒಂದು ಮನೆಯಲ್ಲಿ ಬಾಡಿಗೆಯ ಕೋಣೆಯಲ್ಲಿದ್ದೆ. ಮನೆಯ ಒಡತಿಯನ್ನು ಅಕ್ಕ ಎನ್ನುತ್ತಿದ್ದೆ, ಬಯೋಟೆಕ್ ಕಂಪನಿಯೊಂದರಲ್ಲಿ ಅವರಿಗೆ ಕೆಲಸ. ಈ ಟೇಪಿನ ಯಜಮಾನರು ಅವರ ತಂದೆ. ಗದಗದ ಕಡೆಯವರು. ಗಲ್ಫ್‌ನಲ್ಲಿ ಮೆಕ್ಯಾನಿಕ್ ಆಗಿದ್ದು, ಅಲ್ಲಿಂದ ಹಾಲೆಂಡಿಗೆ ಹೋಗಿ, ಇಪ್ಪತ್ತಾರು ವರ್ಷ ಲಾರಿ ಓಡಿಸಿದವರು. ಹಾಲೆಂಡಿನ ಹೂವನ್ನು ಬಾಡುವ ಮೊದಲು ಇಟಲಿಗೋ ಸ್ವೀಡನ್ನಿಗೋ ಮುಟ್ಟಿಸುವ ಕೆಲಸ. ಹೆಂಡತಿ ಅಲ್ಲೇ ತೀರಿಕೊಂಡರು. ಕೊರೊನಾದ ದಿನಗಳಲ್ಲಿ ಒಂದು ವರ್ಷ ಒಬ್ಬರೇ ಇದ್ದರು. ವಿಮಾನಗಳು ಶುರುವಾದ ಮೇಲೆ ಅಕ್ಕ ಕರೆತಂದರು.

ಮೊದಲ ದಿನ ಅಂಕಲ್ ಎಂದೆ. ಅವರು ತಲೆಯಾಡಿಸಿ, "ಅಂಕಲ್ ಅಂದ್ರ ನಂಗ ಯಾರೋ ಬ್ಯಾಂಕಿನಾಂವ ಅನಸ್ತದ. ಕಾಕಾ ಅನ್ನು" ಎಂದರು. ಅಂದಿನಿಂದ ಅವರು ಕಾಕಾ, ನಾನು ತಂಗಿ.

ಖಂಡವೊಂದನ್ನು ಅಡ್ಡಡ್ಡ ಉದ್ದುದ್ದ ದಾಟಿದ ಮನುಷ್ಯ ಆ ಮನೆಯಲ್ಲಿ ಒಂದು ಗ್ಯಾಲನ್ ಹಾಲು ತರಲೂ ಮಗಳನ್ನು ಕಾಯಬೇಕಾಗಿತ್ತು. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು, ಇಲ್ಲಿಯ ಫ್ರೀವೇಗಳಲ್ಲಿ ಅಪ್ಪ ಕಾರು ಓಡಿಸುವುದು ಅಕ್ಕನಿಗೆ ಬೇಡವಾಗಿತ್ತು. ನಡೆದು ಹೋಗುವ ದೂರದಲ್ಲಿ ಏನೂ ಇರಲಿಲ್ಲ. ಕಾಕಾ ಗ್ಯಾರೇಜಿನ ಬಾಗಿಲು ಮೇಲಕ್ಕೆತ್ತಿ, ಒಳಗೆ ಮಡಚುವ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತಿದ್ದರು. ನೀಲಗಿರಿ ಮರಗಳ ನೆರಳು, ನಾಯಿ ಹಿಡಿದು ಹೋಗುವವರು, ಕಸದ ಲಾರಿ. ನಾನು ಕಾಲೇಜಿಗೆ ಹೊರಟಾಗ ಕೈ ಎತ್ತುತ್ತಿದ್ದರು, ವಾಪಸು ಬಂದಾಗಲೂ ಅದೇ ಕುರ್ಚಿಯಿಂದ ಕೈ ಎತ್ತುತ್ತಿದ್ದರು. ನಡುವಿನ ಎಂಟು ಗಂಟೆ ಹೇಗೆ ಕಳೆದಿರಿ ಎಂದು ನಾನು ಕೇಳಿದ ನೆನಪಿಲ್ಲ.

ಅವರಿಗಿದ್ದ ಹುಚ್ಚು ಒಂದೇ, ಮೂಗಿನ ಲಾರಿ. ಅಂದರೆ ಎಂಜಿನ್ನು ಡ್ರೈವರ್ ಕೆಳಗಿರದೆ ಅವನ ಮುಂದೆ, ಉದ್ದನೆಯ ಬಾನೆಟ್ಟಿನೊಳಗೆ ಇರುವ ಲಾರಿ. ಯುರೋಪಿನ ಕಾನೂನು ಲಾರಿಯ ಒಟ್ಟು ಉದ್ದಕ್ಕೆ ಮಿತಿ ಇಟ್ಟು, ಮುಂದಿನ ಬಂಪರಿನಿಂದ ಹಿಂದಿನ ದೀಪದವರೆಗೆ ಅಳೆಯುತ್ತದೆ, ಮೂಗು ಬೆಳೆದಷ್ಟೂ ಸರಕಿನ ಜಾಗ ಕಡಿಮೆ. ಹಾಗಾಗಿ ಕಂಪನಿಗಳೆಲ್ಲ ಚಪ್ಪಟೆ ಮುಖದ ಲಾರಿಗೆ ಹೋದವು. ಕಾಕಾ ಅದನ್ನು ಗ್ವಾಡಿಗೆ ಗಾಲಿ ಹಚ್ಚಿಧಂಗ, ಗೋಡೆಗೆ ಚಕ್ರ ಹಾಕಿದಂತೆ, ಎನ್ನುತ್ತಿದ್ದರು. ಅಲ್ಲಿನ ಕೆಲವು ಡ್ರೈವರುಗಳು ಮಾತ್ರ ಹಟ ಬಿಡಲಿಲ್ಲವಂತೆ. ಶನಿವಾರ ಯಾವನದೋ ಹೊಲದ ಶೆಡ್ಡಿನಲ್ಲಿ ಸೇರಿ, ಚಪ್ಪಟೆ ಲಾರಿಗೆ ತಾವೇ ಮೂಗು ಕಟ್ಟುತ್ತಿದ್ದರಂತೆ. ಬಣ್ಣ, ದೀಪದ ಸಾಲು, ಒಳಗೆ ಗೊಂಡೆ ಇಳಿಬಿಟ್ಟ ಪರದೆ. ಗಾಜಿನ ಕೆಳಗೆ ಎರಡು ಹಲಗೆ, ಒಂದರಲ್ಲಿ ಡ್ರೈವರನ ಹೆಸರು, ಇನ್ನೊಂದರಲ್ಲಿ ಹೆಂಡತಿಯದು. ಬೇಸಿಗೆಯಲ್ಲಿ ಎಲ್ಲರೂ ಲಾರಿ ತೊಳೆದು ಒಂದು ಬಯಲಿಗೆ ತಂದು ನಿಲ್ಲಿಸುತ್ತಾರೆ, ಹೆಂಡತಿ ಮಕ್ಕಳ ಜೊತೆ.

ಕಾಕಾನ ಲಾರಿಯೂ ಅಂಥ ಒಂದು ಶೆಡ್ಡಿನಲ್ಲಿತ್ತು. ನಿವೃತ್ತರಾಗುವಾಗ ತಾವು ಓಡಿಸುತ್ತಿದ್ದ ಗಾಡಿಯನ್ನೇ ಕೊಂಡುಕೊಂಡಿದ್ದರು, ಹೂವಿನ ಟ್ರೇಲರ್ ಸಮೇತ. ಅದಕ್ಕೆ ಮೂಗು ಕಟ್ಟುವ ಕೆಲಸವನ್ನು ಅವರ ಡಚ್ ಗೆಳೆಯ ಹಿಡಿದಿದ್ದ. ಹೆಂಡತಿಯ ಹೆಸರಿನ ಹಲಗೆ ಮೂಗಿಗಿಂತ ಮೊದಲೇ ತಯಾರಾಗಿತ್ತು. ಮುಂದಿನ ಬೇಸಿಗೆಯ ಕೂಟಕ್ಕೆ ಹೋಗಿ, ಆ ಗಾಡಿಯನ್ನು ತಾವೇ ಓಡಿಸಿ ಬಯಲಿಗೆ ತರಬೇಕು. ಅವರಿಗೆ ಬೇಕಿದ್ದದ್ದು ಅಷ್ಟೇ. ಅಕ್ಕ ಒಲ್ಲದ ಮನಸ್ಸಿನಿಂದ ಒಪ್ಪಿದ್ದರು.

ಇಲ್ಲಿ ಬಂದು ನೋಡಿದರೆ ಹೆದ್ದಾರಿಯ ಎಲ್ಲ ಲಾರಿಗೂ ಮೂಗು. ಯಾರೂ ತಿರುಗಿ ನೋಡುತ್ತಿರಲಿಲ್ಲ. ಅದು ಅವರಿಗೆ ಸಂತೋಷವೋ ಸಂಕಟವೋ ನನಗೆ ತಿಳಿಯುತ್ತಿರಲಿಲ್ಲ. ಒಮ್ಮೆ ನನಗೆ ಒಟಾಯ್ ಮೇಸಾದ ಕಡೆ ಹೋಗುವ ಕೆಲಸವಿತ್ತು, ಮೆಕ್ಸಿಕೋ ಗಡಿಯ ಹತ್ತಿರ. ಜೊತೆಗೆ ಬಂದರು. ಗಡಿ ದಾಟಲು ಮೈಲುಗಟ್ಟಲೆ ನಿಂತ ಲಾರಿಗಳ ಸಾಲು ಕಂಡು ಕಾರಿನ ಗಾಜು ಪೂರ್ತಿ ಇಳಿಸಿದರು. ಆಮೇಲೆ, "ಇಲ್ಲಿ ಮಂದೀಗೆ ಕಣ್ಣ ಇಲ್ಲ ನೋಡವಾ. ಹಿಂತಾವು ಎದುರಿಗೆ ನಿಂತ್ರೂ ಕಾಫಿ ಕುಡ್ಕೋತ ಹೊಂಟಾರ" ಎಂದರು. ಆಗ ನನ್ನ ಕೈಯಲ್ಲೂ ಕಾಫಿ ಇತ್ತು.

ಅಲ್ಲಿಂದ ಶನಿವಾರಗಳು ಶುರುವಾದವು. ಅವರು ಫೋಟೋ ತೆಗೆದು ಹಾಲೆಂಡಿಗೆ ಕಳಿಸುವರು, ಧೂಳು ಹಿಡಿದ ಸಾಮಾನ್ಯ ಲಾರಿಗೂ ಅಲ್ಲಿಂದ ಹತ್ತಾರು ಉದ್ಗಾರ ಬರುವುದು. ಮೂಗು ಕಟ್ಟುವ ಗೆಳೆಯನಿಗೆ ಅಳತೆಗಳು ಬೇಕಿದ್ದವು, ಫೋಟೋದಿಂದ ಅಂದಾಜು ಸಿಗುತ್ತದೆಯೇ ಹೊರತು ಅಳತೆ ಸಿಗುವುದಿಲ್ಲ. ಡ್ರೈವರುಗಳು ಊಟಕ್ಕೆ ನಿಲ್ಲಿಸುವ ಅಂಗಳದಲ್ಲಿ ಅನುಮತಿ ಕೇಳಿ ಅಳೆಯುತ್ತಿದ್ದೆವು. ಟೇಪಿನ ತುದಿಯ ಕೊಕ್ಕೆಯನ್ನು ಬಾನೆಟ್ಟಿನ ಅಂಚಿಗೆ ಹಿಡಿಯುವುದು ನನ್ನ ಕೆಲಸ, ಗಾಜಿನ ಬುಡದಲ್ಲಿ ಡಬ್ಬಿ ಹಿಡಿದು ಅಂಕಿ ಓದುವುದು ಅವರದು. ಶೆಡ್ಡಿನ ಪದ್ಧತಿ ಒಂದನ್ನು ಮೊದಲ ದಿನವೇ ಹೇಳಿದ್ದರು. ಅಂಕಿ ಓದಿದವನೇ ಅಳತೆಗೆ ಹೊಣೆ, ಕೊಕ್ಕೆ ಹಿಡಿದವನನ್ನು ಯಾರೂ ಕೇಳುವುದಿಲ್ಲ. ಹಾಗೆಂದ ಮಾತ್ರಕ್ಕೆ ಹೇಗೆಂದರೆ ಹಾಗೆ ಹಿಡಿಯಕೂಡದು. "ಬಾನೆಟ್ ಅಂಚು ಜಾರ್ತದ. ಹೆಬ್ಬಟ್ಟಿಲೆ ಒತ್ತಿ ಹಿಡಿ, ಆ ಕಡೆ ಈ ಕಡೆ ನೋಡಬ್ಯಾಡ" ಎನ್ನುತ್ತಿದ್ದರು.

ಆ ಒಂದು ಶನಿವಾರದ ಲಾರಿ ಗಾಢ ಕೆಂಪು. ಪಂಜಾಬಿ ಡ್ರೈವರ್. ಟೇಪು ಕಂಡು, ನನ್ನ ಲಾರಿಗೆ ಅಂಗಿ ಹೊಲಿಸುತ್ತೀರಾ ಎಂದು ಹಿಂದಿಯಲ್ಲಿ ಕೆಣಕಿದ. ಅಂಗಿಯಲ್ಲ, ಮೂಗು, ಎಂದು ಕಾಕಾ ಹೇಳಿದ್ದೇ ತಡ, ಅವನು ಬೇರೆ ಡ್ರೈವರುಗಳನ್ನು ಕರೆದು ತೋರಿಸಿದ. ಆ ಲಾರಿಗೆ ಅವನು ದೊಡ್ಡ ಕ್ರೋಮ್ ಬಂಪರ್ ಹಾಕಿಸಿದ್ದ, ಬಾನೆಟ್ಟಿಗಿಂತ ಒಂದು ಗೇಣು ಮುಂದಕ್ಕೆ ಚಾಚಿದ್ದು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ನನ್ನ ಫೋನು ಜೇಬಿನಲ್ಲಿ ನಡುಗಿತು. ಎಲ್ ಸೆಗುಂಡೋದ ಕಂಪನಿಯೊಂದರ ಸಂದರ್ಶನದ ಫಲಿತಾಂಶಕ್ಕೆ ಒಂದು ವಾರದಿಂದ ಕಾಯುತ್ತಿದ್ದೆ. ಬಾನೆಟ್ಟಿನ ಅಂಚಾದರೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು. ಬಂಪರಿನ ಚೂಪು ಅಂಚಾದರೆ ಕೊಕ್ಕೆ ತಾನೇ ನಿಲ್ಲುತ್ತದೆ, ಎರಡೂ ಕೈ ಬಿಡುವಾಗುತ್ತವೆ...

ಆ ದಿನದ ನನ್ನ ಡೈರಿಯಲ್ಲಿ ಕೆಲಸ ಸಿಕ್ಕ ಸಂಗತಿ ಒಂದು ಪುಟ ತುಂಬ ಇದೆ. ಕೊನೆಗೆ ಒಂದು ಸಾಲು, "ಕಾಕಾ ಜೊತೆ ಒಟಾಯ್ ಮೇಸಾ, ಬಿಸಿಲು." ಟೇಪಿನ ಮಾತಿಲ್ಲ. ಗೊತ್ತಿದ್ದೂ ಬರೆಯಲಿಲ್ಲವೋ, ಗೊತ್ತೇ ಇರಲಿಲ್ಲವೋ? ಮೊದಲನೆಯದಿರಬೇಕು ಎಂದು ಈಗ ಅನ್ನಿಸುತ್ತದೆ. ಆದರೆ ಈಗ ಅನ್ನಿಸುವುದನ್ನೂ ನಾನು ಪೂರ್ತಿ ನಂಬುವುದಿಲ್ಲ.

ಡಚ್ ಗೆಳೆಯ ಆ ಕೆಂಪು ಲಾರಿಯ ಅಳತೆಗೇ ತಗಡು ಕತ್ತರಿಸಿದ, ಕೆಳಗಿನ ಚಾಸಿಯ ಚೌಕಟ್ಟನ್ನು ಮುಂದಕ್ಕೆ ಬೆಳೆಸಿದ. ಚಳಿಗಾಲ ಕಳೆಯುವಾಗ ಲಾರಿಗೆ ಮೂಗು ಬಂತು. ಟ್ರೇಲರ್ ಸಿಕ್ಕಿಸಿ ತಪಾಸಣೆಗೆ ಒಯ್ದಾಗ ಉದ್ದ ಮೀರಿತ್ತು, ಸುಮಾರು ಒಂದು ಗೇಣು. ರಸ್ತೆಗೆ ಇಳಿಸಲು ಬಿಡಲಿಲ್ಲ.

ಆ ಫೋನು ಬಂದದ್ದು ಒಂದು ಭಾನುವಾರ ಬೆಳಗ್ಗೆ. ಅಡುಗೆಮನೆಯಲ್ಲಿ ನಾವು ಮೂವರೂ ಇದ್ದೆವು. ಸ್ಪೀಕರಿನಲ್ಲಿ ಗೆಳೆಯ ಇಂಗ್ಲಿಷಿನಲ್ಲಿ ಹೇಳುತ್ತ ಹೋದ, ಸಿಟ್ಟಿರಲಿಲ್ಲ, ದಣಿವಿತ್ತು. ಎಲ್ಲಿ ತಪ್ಪಿತು ಎಂದು ಕೇಳಿದ. ನಾನು ಕಾಫಿ ಲೋಟ ತೊಳೆಯುತ್ತಿದ್ದೆ. ಕಾಕಾ ಫೋನಿನ ಕಡೆ ಬಾಗಿ, ಓದಿದ್ದು ನಾನು, ತಪ್ಪು ನನ್ನದು ಎಂದು ಇಂಗ್ಲಿಷಿನಲ್ಲೇ ಹೇಳಿದರು. ಫೋನ್ ಇಟ್ಟ ಮೇಲೆ ಅಕ್ಕ ಕೇಳಿದರು, "ಕಾಣಿಸ್ಲಿಲ್ಲೇನಪ್ಪಾ?"

"ಬಿಸಲಿತ್ತವಾ. ಅಂಕಿ ಸರಿ ಕಾಣ್ಲಿಲ್ಲ."

ಅಷ್ಟು ಹೇಳುವಾಗ ಅವರು ನನ್ನತ್ತ ನೋಡಿದರೇ? ಒಂದೊಂದು ದಿನ ನೋಡಿದಂತೆ ನೆನಪಾಗುತ್ತದೆ, ಒಂದೊಂದು ದಿನ ಮೇಜಿನ ಮೇಲಿನ ಉಪ್ಪಿನಕಾಯಿ ಬಾಟಲಿ ನೋಡುತ್ತಿದ್ದಂತೆ. ನಲ್ಲಿ ತಿರುಗಿಸಿದ್ದು ಮಾತ್ರ ಖಚಿತ. ನೀರಿನ ಸದ್ದಿನ ಹಿಂದೆ ನಿಂತುಕೊಂಡೆ.

ಅಕ್ಕ ಆ ವಾರವೇ ವಿಮಾನದ ಟಿಕೆಟ್ ರದ್ದು ಮಾಡಿದರು. ಅಂಗೈಯಲ್ಲಿ ಹಿಡಿದ ಟೇಪಿನ ಅಂಕಿ ಕಾಣದ ಕಣ್ಣಿಗೆ ಅಷ್ಟು ದೊಡ್ಡ ಗಾಡಿ ಹೇಗೆ ಕೊಡಲಿ ಎಂದು ನನ್ನನ್ನೇ ಕೇಳಿದರು. ಅವರು ಹೇಳುವುದರಲ್ಲಿ ತಪ್ಪೇನಿತ್ತು? ನಾನು ತಲೆಯಾಡಿಸಿದೆ. ಓಡಿಸದಿದ್ದರೂ ಹೋಗಿ ನೋಡಿ ಬನ್ನಿ ಎಂದು ಅಕ್ಕ ಕಾಕಾಗೆ ಹೇಳಿ ನೋಡಿದರು. ಮದುವೆಗೆ ಹೋಗಿ ಹೊರಗ ನಿಂತು ಬರೂದೇನು, ಎಂದು ಅವರು ನಕ್ಕರು.

ಆಮೇಲೆ ಒಂದು ಮಧ್ಯಾಹ್ನ, ಅವರು ನನಗೂ ಕಳಿಸಿದ್ದ ಫೋಟೋಗಳನ್ನು ನೋಡುತ್ತ ಹೋದೆ. ಕೆಂಪು ಲಾರಿಯದು ಸಿಕ್ಕಿತು. ಕ್ಯಾಬಿನ್ನಿನಿಂದ ಮುಂದಕ್ಕೆ ಹಳದಿ ಗೆರೆಯಂತೆ ಟೇಪು. ಅದರ ಕೊಕ್ಕೆ ಬಾನೆಟ್ಟಿನ ಅಂಚಿನಲ್ಲಲ್ಲ, ಬಂಪರಿನ ಅಂಚಿನಲ್ಲಿ. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ ನಾನು, ಬಗ್ಗಿಸಿದ ತಲೆ, ಎರಡೂ ಕೈಯಲ್ಲಿ ಫೋನು. ಆ ಫೋಟೋ ತೆಗೆದವರು ಅವರೇ. ಅದನ್ನು ದೊಡ್ಡದು ಮಾಡಿ ನೋಡಿದ್ದರೋ ಇಲ್ಲವೋ ನನಗೆ ತಿಳಿಯದು. ಕೇಳಬಹುದಿತ್ತು. ಗ್ಯಾರೇಜಿನಲ್ಲೇ ಕೂತಿದ್ದರು, ನಡುವೆ ಒಂದು ಬಾಗಿಲಿತ್ತು ಅಷ್ಟೇ.

ನಾನು ಕೆಲಸಕ್ಕೆ ಸೇರಿ, ಆಫೀಸಿಗೆ ಹೋಗಿಬರುವ ದೂರದ ಸೆರಿಟೋಸ್‌ಗೆ ಮನೆ ಬದಲಾಯಿಸಿದೆ. ಹೊರಡುವ ದಿನ ಕಾಕಾ ಕಾರಿನವರೆಗೆ ಬಂದು, ಟೈರುಗಳನ್ನು ಒಂದೊಂದಾಗಿ ಕಾಲಿನಿಂದ ಒತ್ತಿ ನೋಡಿದರು. ಪಕ್ಕದ ಸೀಟಿನಲ್ಲಿ ಒಂದು ನಿಮಿಷ ಕೂತು, ಎಂಜಿನ್ ಸದ್ದು ಕೇಳಿ, ಬೆಲ್ಟು ಬದಲಾಯಿಸಲು ಹೇಳಿದರು. ಟೇಪು ಆಗಲೇ ಜೇಬಿನಿಂದ ಜಾರಿರಬೇಕು. ಬೇಕೆಂದೇ ಬಿಟ್ಟು ಹೋದರು ಎಂದು ಬರೆದರೆ ಚೆನ್ನಾಗಿರುತ್ತದೆ. ಹಾಗೆ ನಂಬಲು ನನ್ನ ಬಳಿ ಕಾರಣವಿಲ್ಲ.

ಅಲ್ಲಿಂದ ಸ್ಯಾನ್ ಡಿಯಾಗೋಗೆ ಎರಡು ಗಂಟೆಯ ದಾರಿ. ಮೊದಲ ವರ್ಷ ಎರಡು ಸಲ ಹೋದೆ, ಆಮೇಲೆ ಹೋಗಲಿಲ್ಲ. ಕಾಕಾ ಗ್ಯಾರೇಜಿನಿಂದ ಫೋಟೋ ಕಳಿಸುತ್ತಿದ್ದರು. ಹೆಚ್ಚಾಗಿ ಮಂಗಳವಾರದ ಕಸದ ಲಾರಿ, ಕೆಳಗೆ ಎರಡೇ ಪದ, "ಮೂಗಿಲ್ಲ ತಂಗಿ." ನಾನು ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಫೋನು ಕೆಳಗಿಡುತ್ತಿದ್ದೆ. ಒಂದು ಮಂಗಳವಾರ ಫೋಟೋ ಬರಲಿಲ್ಲ. ಅದು ನನ್ನ ಗಮನಕ್ಕೆ ಬಂದದ್ದು ಗುರುವಾರ, ಅಕ್ಕನ ಫೋನು ಬಂದ ಮೇಲೆ. ಎದೆನೋವೆಂದು ಆಸ್ಪತ್ರೆಗೆ ಒಯ್ದಿದ್ದರು, ವಾಪಸು ಬರಲಿಲ್ಲ.

ಡಚ್ ಗೆಳೆಯ ಮೂಗನ್ನು ಕತ್ತರಿಸಿ ಮತ್ತೆ ಬೆಸೆದ. ಮುಂದಿನ ಬೇಸಿಗೆ ಅವನೇ ಲಾರಿಯನ್ನು ಬಯಲಿಗೆ ಓಡಿಸಿಕೊಂಡು ಹೋದ. ಗಾಜಿನ ಕೆಳಗೆ ಎರಡೂ ಹಲಗೆಗಳಿದ್ದವು. ಅಕ್ಕ ನನಗೆ ಆ ಫೋಟೋ ಕಳಿಸಿದಾಗ ನಾನು ಆಫೀಸಿನಲ್ಲಿದ್ದೆ. ಚೆನ್ನಾಗಿದೆ ಎಂದು ಬರೆದೆ.

ಟೇಪು ಸಿಕ್ಕ ಮರುದಿನ ಅಕ್ಕನಿಗೆ ಫೋನ್ ಮಾಡಿದೆ. ಟೇಪಿನಿಂದ ಶುರುಮಾಡಿ, ಬಂಪರಿಗೆ ಬಂದು, ಫೋಟೋದಲ್ಲಿ ಕಂಡದ್ದನ್ನೂ ಹೇಳಿದೆ. ಅಕ್ಕ ಕಾರಿನಲ್ಲಿದ್ದರು, ಇಂಡಿಕೇಟರಿನ ಟಿಕ್ ಟಿಕ್ ಕೇಳುತ್ತಿತ್ತು, ಎಲ್ಲೋ ಬದಿಗೆ ನಿಲ್ಲಿಸಿದ್ದಿರಬೇಕು.

"ಟಿಕೆಟ್ ಕ್ಯಾನ್ಸಲ್ ಮಾಡಿದ ಮ್ಯಾಲೆ ಕಣ್ಣಿನ ಡಾಕ್ಟರ ಕಡೆ ಕರ್ಕೊಂಡು ಹೋಗಿದ್ದೆ" ಎಂದರು ಕೊನೆಗೆ. "ಎರಡೂ ಕಣ್ಣು ಚೊಲೋ ಅದಾವ ಅಂದ್ರು. ನಾನ ನಂಬಲಿಲ್ಲ. ಅಳತಿ ತಪ್ಪಿತ್ತಲ್ಲ ಅಂತ."

ನಾನು ಕ್ಷಮಿಸಿ ಎಂದೆ. ಅವರು ಆಫೀಸಿಗೆ ಹೊತ್ತಾಯಿತು ಎಂದು ಫೋನ್ ಇಟ್ಟರು. ಮತ್ತೆ ಮಾಡಿಲ್ಲ. ಅವರು ಮಾಡಬೇಕೆಂದು ನಾನು ಕಾಯುವುದು ಸರಿಯೋ ಇಲ್ಲವೋ ಅದೂ ಗೊತ್ತಾಗುತ್ತಿಲ್ಲ.

ಕಾರನ್ನು ನಿನ್ನೆ ಕೊಂಡುಹೋದರು. ಅದಕ್ಕೂ ಮೊದಲು ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಟೇಪು ಬಿಚ್ಚಿ ಅದರ ಬಾನೆಟ್ಟನ್ನು ಅಳೆಯಲು ಹೋದೆ. ಕೊಕ್ಕೆಯನ್ನು ಅಂಚಿಗಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದೆ, ಆ ಕಡೆ ಈ ಕಡೆ ನೋಡದೆ. ಇನ್ನೊಂದು ಕೈ ಚಾಚಿ ಡಬ್ಬಿಯನ್ನು ಗಾಜಿನ ಬುಡಕ್ಕೆ ಒಯ್ದೆ. ಸಣ್ಣ ಕಾರು, ಕೈ ಹೇಗೋ ಮುಟ್ಟಿತು. ಆದರೆ ಬಗ್ಗಿದ ನನ್ನ ತಲೆ ಈ ತುದಿಯಲ್ಲೇ ಇತ್ತು. ಅಂಕಿ ಅಲ್ಲಿತ್ತು, ಬಿಸಿಲಿನಲ್ಲಿ, ಓದಲಾಗದಷ್ಟು ದೂರ.