ಸೂಳೆಕೆರೆಯ ನೀರಿನ ಮೇಲೆ ಮೂರನೆಯ ವ್ಯಾಯಾಮ

2023ರಲ್ಲಿ ನಾನು ಒಂದು ಸೇವಾಸಂಸ್ಥೆಯ ಸಂಚಾರಿ ಚಿಕಿತ್ಸಾ ವಾಹನದಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಸೋಮವಾರ ಜಗಳೂರು, ಮಂಗಳವಾರ ಚನ್ನಗಿರಿ, ಬುಧವಾರ ಹೊನ್ನಾಳಿ, ಗುರುವಾರ ನ್ಯಾಮತಿ. ನನ್ನ ಪಾಲಿನ ಸಲಕರಣೆ ಎಂದರೆ ಒಂದು ಕುರ್ಚಿ, ಕೊರಳಿಗೆ ಹಾಕಿಕೊಳ್ಳುವ ಸ್ಟಾಪ್‌ವಾಚ್, ಮೂರು ಮೀಟರ್ ಅಳತೆಯ ಹಗ್ಗ ಮತ್ತು ಒಂದೇ ಒಂದು ಫೋಮ್ ದಿಂಬು. ತಲೆ ತಿರುಗುತ್ತದೆ, ನಡೆಯುವಾಗ ವಾಲುತ್ತದೆ ಎನ್ನುವ ಹಿರಿಯರಿಗೆ ವ್ಯಾಯಾಮ ಹೇಳಿಕೊಡುವುದು ನನ್ನ ಕೆಲಸ.

ಜೂನ್ ತಿಂಗಳ ಒಂದು ಮಂಗಳವಾರ ಹನುಮಂತಪ್ಪ ಹೆಂಡತಿ ಗಂಗವ್ವನ ಹೆಗಲು ಹಿಡಿದುಕೊಂಡು ಬಂದರು. ವಯಸ್ಸು ಎಪ್ಪತ್ತೊಂದು. ಸೂಳೆಕೆರೆಯ ದಂಡೆಯ ಊರೊಂದರ ಮೀನುಗಾರರು. ಹಿಂದಿನ ವರ್ಷ ಜ್ವರ ಬಂದು ಹೋದ ಮೇಲೆ ಅವರ ಸುತ್ತಲಿನ ಲೋಕವೆಲ್ಲ ಗಿರಗಿರನೆ ತಿರುಗಲು ಶುರುವಾಗಿತ್ತು. ದಾವಣಗೆರೆಯ ಕಿವಿ ತಜ್ಞರ ಔಷಧಿಯಿಂದ ತಿರುಗುವುದು ನಿಂತಿತು. ವಾಲುವುದು ಮಾತ್ರ ನಿಲ್ಲಲಿಲ್ಲ. ನಮ್ಮ ಒಳಕಿವಿಯಲ್ಲಿ ದೇಹದ ಸಮತೋಲನ ನೋಡಿಕೊಳ್ಳುವ ಒಂದು ಪುಟ್ಟ ಅಂಗವಿದೆ. ಅವರ ಎಡಗಿವಿಯ ಆ ಅಂಗ ಸೊರಗಿತ್ತು. ಇನ್ನೊಂದು ಕಿವಿ, ಕಣ್ಣು ಮತ್ತು ಪಾದಗಳನ್ನು ನಂಬಿ ನಿಲ್ಲುವುದನ್ನು ಮೆದುಳು ಹೊಸದಾಗಿ ಕಲಿಯಬೇಕು. ಮಾತ್ರೆಯಿಂದ ಅದು ಬರುವುದಿಲ್ಲ, ಅಭ್ಯಾಸದಿಂದ ಬರುತ್ತದೆ.

ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವ ಪರೀಕ್ಷೆಗೆ ಅವರು ಇಪ್ಪತ್ತೊಂದು ಸೆಕೆಂಡು ತೆಗೆದುಕೊಂಡರು. ತಿರುಗುವಾಗ ನಾನು ಕೈ ಕೊಡದಿದ್ದರೆ ಬಿದ್ದೇ ಬಿಡುತ್ತಿದ್ದರು.

"ನೋಡ್ರಿ, ಒಂದು ಹನಿ ಹೆಂಡ ಮುಟ್ಟದೋರು ಹೆಂಗೆ ನಡೀತಾರೆ" ಎಂದರು ಗಂಗವ್ವ. "ಊರಾಗೆ ನಾನು ಯಾರಿಗೆ ಅಂತ ಹೇಳ್ಲಿ?"

ಹನುಮಂತಪ್ಪನವರಿಗೆ ಬೇಕಾಗಿದ್ದದ್ದು ಒಂದೇ ಉತ್ತರ. "ನಾನು ಮತ್ತೆ ತೆಪ್ಪದಾಗೆ ಕೂರ್ತೀನೇನ್ರಿ, ಡಾಕ್ಟ್ರಮ್ಮ?"

ತೆಪ್ಪವೆಂದರೆ ಅವರು ಮೀನಿಗೆ ಹೋಗುವ ದುಂಡನೆಯ ಬಿದಿರಿನ ಹರಿಗೋಲು. ನಾನು ಬಾಯಿ ತೆರೆಯುವ ಮೊದಲೇ ಗಂಗವ್ವ ಹೇಳಿದರು: "ಅದನ್ನ ಹಿತ್ತಲಾಗೆ ಬೋರಲು ಹಾಕಿ ಮ್ಯಾಲೆ ಸೌದೆ ಒಟ್ಟೀನ್ರಿ. ಇವ್ರು ಬಿದ್ರೆ ಎತ್ತಾಕೆ ನಂಗೆ ಈಜು ಬರಾಕಿಲ್ಲ."

ಅವರ ಹೆದರಿಕೆ ಸರಿಯಾಗಿಯೇ ಇತ್ತು. ಒಳಕಿವಿ ಕೆಟ್ಟವರಿಗೆ ನೀರೊಳಗೆ ಮೇಲೆ ಯಾವುದು, ಕೆಳಗೆ ಯಾವುದು ಎಂದು ತಿಳಿಯದೆ ಹೋಗಬಹುದು. ಎಷ್ಟು ಚೆನ್ನಾಗಿ ಈಜುವವರಾದರೂ ಅಷ್ಟೇ. ಆದರೆ ಆ ಮುದುಕರ ಮುಖ ನೋಡಿ ನಾನೊಂದು ಮಾತು ಕೊಟ್ಟೆ. ಈ ಕುರ್ಚಿಯ ಪರೀಕ್ಷೆಯನ್ನು ಹನ್ನೆರಡು ಸೆಕೆಂಡಿನೊಳಗೆ ಮುಗಿಸಿದರೆ ಸೌದೆ ತೆಗೆಯಿರಿ ಎಂದು ಗಂಗವ್ವನಿಗೆ ನಾನೇ ಹೇಳುತ್ತೇನೆ.

ಹನುಮಂತಪ್ಪನವರಷ್ಟು ನಿಷ್ಠೆಯ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಮೊದಲನೆಯ ವ್ಯಾಯಾಮ, ಚಾಚಿದ ಹೆಬ್ಬೆರಳಿನ ಮೇಲೆ ಕಣ್ಣು ನೆಟ್ಟು ತಲೆಯನ್ನಷ್ಟೇ ಎಡಕ್ಕೆ ಬಲಕ್ಕೆ ತಿರುಗಿಸುವುದು. ಎರಡನೆಯದು ಪಾದ ಜೋಡಿಸಿ ನಿಲ್ಲುವುದು. ಜುಲೈ ಕೊನೆಗೆ ಕುರ್ಚಿಯ ಪರೀಕ್ಷೆಯಲ್ಲಿ ಹದಿನೈದು ಸೆಕೆಂಡಿಗೆ ಬಂದರು. ಮುಂದಿನದು ಫೋಮ್ ದಿಂಬಿನ ಮೇಲೆ ನಿಲ್ಲುವುದು. ನನ್ನ ಬಳಿ ಇದ್ದ ಒಂದೇ ದಿಂಬನ್ನು ಅವರಿಗೆ ಕೊಡುವಂತಿರಲಿಲ್ಲ. ಸಾಲು ದೊಡ್ಡದಿತ್ತು, ಆತುರದಲ್ಲಿದ್ದೆ. ಒಂದು ಹಾಳೆಯಲ್ಲಿ ಬರೆದುಕೊಟ್ಟು ಕಳಿಸಿದೆ.

ಆಮೇಲೆ ಎರಡು ಮಂಗಳವಾರ ಅವರು ಬರಲಿಲ್ಲ. ಮೂರನೆಯ ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ನಮ್ಮ ವಾಹನವನ್ನು ಅವರ ಊರಿಗೇ ತಿರುಗಿಸಿದೆವು. ಮನೆಗೆ ಬೀಗ. ಹಿತ್ತಲಿಗೆ ಹೋಗಿ ನೋಡಿದರೆ ಸೌದೆಯೆಲ್ಲ ಒಂದು ಬದಿಗೆ ಚೆಲ್ಲಿತ್ತು. ತೆಪ್ಪವಿದ್ದ ಜಾಗದಲ್ಲಿ ಬಿಸಿಲು ಕಾಣದೆ ಬಿಳಿಚಿದ ಹುಲ್ಲಿನ ದುಂಡನೆಯ ಗುರುತು.

ನಾನು ಕೆರೆಯ ಕಡೆ ಓಡಿದೆ.

ದಂಡೆಯಿಂದ ಒಂದಷ್ಟು ದೂರದಲ್ಲಿ ತೆಪ್ಪ ತೇಲುತ್ತಿತ್ತು. ಅದರ ನಡುವೆ ಹನುಮಂತಪ್ಪ ಪಾದ ಜೋಡಿಸಿಕೊಂಡು ನಿಂತಿದ್ದರು, ನನಗೆ ಬೆನ್ನು ಮಾಡಿ. ಎಡಗೈಯಲ್ಲಿ ತೆಪ್ಪ ನಡೆಸುವ ಹುಟ್ಟನ್ನು ಊರುಗೋಲಿನಂತೆ ಹಿಡಿದಿದ್ದರು. ಬಲಗೈ ಮುಂದೆ ಚಾಚಿತ್ತು. ತಲೆ ಎಡಕ್ಕೆ, ಬಲಕ್ಕೆ, ಎಡಕ್ಕೆ, ನಾನು ಹೇಳಿಕೊಟ್ಟ ವೇಗದಲ್ಲೇ. ಅವರ ಕಾಲ ಬಳಿ ಕೂತ ಗಂಗವ್ವ ಎಣಿಸುತ್ತಿದ್ದುದು ನೀರಿನ ಮೇಲೆ ಸ್ಪಷ್ಟವಾಗಿ ಕೇಳುತ್ತಿತ್ತು. "ಇಪ್ಪತ್ತೆರಡು... ಇಪ್ಪತ್ಮೂರು... ಇಪ್ಪತ್ನಾಕು..."

"ಹನುಮಂತಪ್ಪಾ!" ಎಂದು ಕಿರುಚಿಬಿಟ್ಟೆ.

ಇಂದಿಗೂ ನನ್ನನ್ನು ಬಿಡದಿರುವುದು ಆ ಕೂಗು. ತಲೆ ಥಟ್ಟನೆ ತಿರುಗಿಸಬೇಡಿ ಎಂದು ವಾರವಾರವೂ ಅವರಿಗೆ ಹೇಳಿದವಳು ನಾನು. ಈಗ ಅವರು ಥಟ್ಟನೆ ತಿರುಗಿದ್ದು ನನ್ನ ದನಿಗೆ. ತೆಪ್ಪವೂ ಅವರೊಂದಿಗೆ ಗಿರ್ರನೆ ತಿರುಗಿತು. ಒಂದು ಅಂಚು ಕೆಳಗಿಳಿದು ನೀರು ಒಳನುಗ್ಗಿತು. ಹುಟ್ಟು ಕೈಜಾರಿ ಕೆರೆಗೆ ಬಿತ್ತು. ಗಂಗವ್ವ ಎದುರಿನ ಅಂಚಿನ ಮೇಲೆ ಮೈಯೆಲ್ಲ ಚೆಲ್ಲಿ ಬಿದ್ದರು. ಹನುಮಂತಪ್ಪ ಎರಡೂ ಕೈ ಅಗಲಿಸಿ, ಮೊಣಕಾಲು ಮಡಚಿ, ನಿಧಾನವಾಗಿ ಕುಕ್ಕರಗಾಲಿನಲ್ಲಿ ಕೂತರು. ತೆಪ್ಪ ಇನ್ನೆರಡು ಸುತ್ತು ಸುತ್ತಿ ನಿಂತಿತು.

ಆಮೇಲೆ ನನಗೆ ಕೇಳಿಸಿದ್ದು ಗಂಗವ್ವನ ಗದರಿಕೆ. "ಯಾರ್ರೀ ಅದು ಒದರಿದ್ದು? ಮೂವತ್ತಾಗಾಕೆ ಇನ್ನು ಆರೇ ಬಾಕಿ ಇತ್ತಲ್ರೀ!"

ಇಬ್ಬರೂ ಕೈಯಲ್ಲೇ ನೀರು ತಳ್ಳಿ, ತೇಲುತ್ತಿದ್ದ ಹುಟ್ಟನ್ನು ಹಿಡಿದುಕೊಂಡು ದಂಡೆಗೆ ಬಂದರು. ನಾನು ಬಾಯಿಗೆ ಬಂದಂತೆ ಬೈದೆ. ಗಂಗವ್ವ ಸೊಂಟದ ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ನನ್ನ ಹಾಳೆ ತೆಗೆದು ಗಂಡನ ಕೈಗೆ ಕೊಟ್ಟರು. ಹನುಮಂತಪ್ಪ ಬೆರಳಿಟ್ಟು ಓದಿದರು: "ಮೂರನೆಯದು. ಅಲುಗಾಡುವಂಥದ್ದರ ಮೇಲೆ ಪಾದ ಜೋಡಿಸಿ ನಿಂತು ಮೊದಲನೆಯದನ್ನು ಮಾಡುವುದು, ಮೂವತ್ತು ಸೆಕೆಂಡು. ಹಿಡಿದುಕೊಳ್ಳಲು ಏನಾದರೂ ಇರಲಿ. ಪಕ್ಕದಲ್ಲಿ ಒಬ್ಬರು ಇರಲಿ."

ಓದಿ ತಲೆಯೆತ್ತಿದರು. "ನಮ್ಮ ಮನ್ಯಾಗೆ ಅಲುಗಾಡೋದು ಅಂದ್ರೆ ಇದೊಂದೇ ಐತ್ರಿ. ಹಿಡ್ಕಳಾಕೆ ಹುಟ್ಟು ಐತೆ. ಪಕ್ಕದಾಗೆ ಇವ್ಳು ಅವ್ಳೆ. ಯಾವುದು ತಪ್ಪಾತು ಹೇಳ್ರಿ?"

"ನಾನು ಬ್ಯಾಡ ಅಂತಿದ್ದೆ" ಎಂದರು ಗಂಗವ್ವ. "ಡಾಕ್ಟ್ರಮ್ಮನೇ ಬರದು ಕೊಟ್ಟವ್ರೆ ಅಂದ್ರು. ಅದಕ್ಕೇ ಸೌದೆ ತೆಗ್ದೆ."

ಹಾಳೆ ಇಸಿದುಕೊಂಡು ನೋಡಿದೆ: ನನ್ನದೇ ಅಕ್ಷರ. ದಂಡೆಯ ಮೇಲೆ ಕೂತುಬಿಟ್ಟೆ. ಕೆರೆ, ಗುಡ್ಡ, ನನ್ನ ಹಿಂದೆ ಬಂದು ನಿಂತಿದ್ದ ನಮ್ಮ ವಾಹನ ಎಲ್ಲ ತೂಗಾಡಿದಂತಾಯಿತು. ಹನುಮಂತಪ್ಪ ನನ್ನೆದುರು ಕೂತು ಒದ್ದೆಯ ಹೆಬ್ಬೆರಳನ್ನು ಎತ್ತಿ ಹಿಡಿದರು.

"ಇದ್ರ ಮ್ಯಾಲೆ ಕಣ್ಣು ನೆಡ್ರಿ. ಉಸಿರು ಬಿಡ್ರಿ. ಹೆದ್ರಬ್ಯಾಡ್ರಿ, ನಾನು ಪಕ್ಕದಾಗೇ ಅದೀನಿ."

ಚನ್ನಗಿರಿಯಲ್ಲಿ ನಾನು ಅವರಿಗೆ ಹೇಳುತ್ತಿದ್ದ ಮಾತುಗಳೇ ಅವು. ಮೊದಲು ನಕ್ಕವರು ಗಂಗವ್ವ. ಆಮೇಲೆ ಮೂವರಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ನನ್ನ ಮುಷ್ಟಿಯತ್ತ ನೋಡಿದರೆ ಸ್ಟಾಪ್‌ವಾಚ್ ಓಡುತ್ತಿತ್ತು. ಕಿರುಚುವಾಗ ಅದನ್ನು ಅದುಮಿರಬೇಕು. ಹದಿನಾಲ್ಕು ನಿಮಿಷವಾಗಿತ್ತು.

"ಗಡಿಯಾರ ಹೆಂಗೂ ಕೈಯಾಗೈತೆ, ನೋಡೇ ಬಿಡ್ರಿ" ಎಂದರು ಹನುಮಂತಪ್ಪ. ವಾಹನದಿಂದ ಕುರ್ಚಿ ಇಳಿಸಿ, ಗಟ್ಟಿನೆಲದ ಮೇಲೆ ಹಗ್ಗ ಹಾಸಿದೆವು. ಎದ್ದರು, ನಡೆದರು, ವಾಲದೆ ತಿರುಗಿದರು, ಬಂದು ಕೂತರು. ಹನ್ನೊಂದು ಸೆಕೆಂಡು. ಗಂಗವ್ವ ನಂಬಲಿಲ್ಲ, ಇನ್ನೊಮ್ಮೆ ನಡೆಸಿದರು. ಮತ್ತೆ ಹನ್ನೊಂದು.

ಕೊಟ್ಟ ಮಾತು ಉಳಿಸಿಕೊಳ್ಳಬೇಕಿತ್ತು. ದಂಡೆಯಲ್ಲೇ ಕರಾರು ಹಾಕಿದೆ. ತೆಪ್ಪಕ್ಕೆ ಹೋಗಬಹುದು, ಆದರೆ ಕೂತೇ ಇರಬೇಕು. ಒಬ್ಬರೇ ಹೋಗಬಾರದು. ಇಬ್ಬರ ಸೊಂಟಕ್ಕೂ ಗಾಳಿ ತುಂಬಿದ ಟ್ಯೂಬ್ ಇರಬೇಕು. ಮೂರನೆಯ ವ್ಯಾಯಾಮ ಮಾತ್ರ ಮನೆಯಲ್ಲಿ, ಗೋಡೆಯ ಪಕ್ಕ, ಮಡಚಿದ ಕೌದಿಯ ಮೇಲೆ.

"ಕೌದಿ ಅಂತ ಮೊದ್ಲೇ ಬರೀಬಾರದಾಗಿತ್ತೇನ್ರಿ?" ಎಂದರು ಗಂಗವ್ವ. "ನಮ್ಮನ್ಯಾಗೆ ಎಂಟವೆ."

ಮುಂದಿನ ಮಂಗಳವಾರ ಹನುಮಂತಪ್ಪ ಯಾರ ಹೆಗಲನ್ನೂ ಹಿಡಿಯದೆ ಬಂದರು. ಕೈಯಲ್ಲಿ ಎಲೆಯಲ್ಲಿ ಸುತ್ತಿದ ಮೀನು. ಹಿಂದೆ ಬಂದ ಗಂಗವ್ವ, "ನಡಿಗೆ ಜಾಸ್ತಿ ಆತ್ರಿ ಇವ್ರದ್ದು, ಮನ್ಯಾಗೆ ಸಿಗಾಕಿಲ್ಲ" ಎಂದು ದೂರಿದರು. ಅವರ ಮುಖದ ತುಂಬ ನಗುವಿತ್ತು.

ನಮ್ಮ ಅಚ್ಚಾದ ಫಾರಂನಲ್ಲಿ ವಯಸ್ಸು, ರೋಗ, ಔಷಧಿ ಎಲ್ಲಕ್ಕೂ ಜಾಗವಿದೆ. ಆವತ್ತಿನಿಂದ ಅದರ ಮೇಲೆ ನಾನೇ ಒಂದು ಸಾಲು ಕೈಯಲ್ಲಿ ಬರೆದುಕೊಳ್ಳುತ್ತೇನೆ: ದಿನಾ ಎಲ್ಲಿ ನಿಲ್ಲುತ್ತೀರಿ? ಹೊನ್ನಾಳಿಯಲ್ಲಿ ಗದ್ದೆಯ ಬದು ಎನ್ನುತ್ತಾರೆ, ಜಗಳೂರಿನಲ್ಲಿ ಒಬ್ಬಜ್ಜಿ ಮಾಳಿಗೆಯ ಏಣಿ ಎಂದರು. ಅದನ್ನು ಕೇಳಿದ ಮೇಲೆಯೇ ವ್ಯಾಯಾಮ ಬರೆಯುತ್ತೇನೆ. ರೋಗಿಯನ್ನು ಎಂದೂ ಹಿಂದಿನಿಂದ ಕರೆಯುವುದಿಲ್ಲ, ಸುತ್ತಿ ಬಳಸಿ ಎದುರಿಗೆ ಹೋಗಿ ನಿಲ್ಲುತ್ತೇನೆ.

ಆ ಬೆಳಗು ಈಗಲೂ ಮತ್ತೆಮತ್ತೆ ಕಣ್ಣ ಮುಂದೆ ಬರುತ್ತದೆ. ನಾನು ಕಿರುಚುತ್ತೇನೆ, ತೆಪ್ಪದ ಅಂಚು ಕೆಳಗಿಳಿಯುತ್ತದೆ. ಈಚೆಗೆ ಕೆಲವು ಸಲ ಮಾತ್ರ ನಾನು ಕಿರುಚುವುದಿಲ್ಲ. ದಂಡೆಯ ಮೇಲೆ ಬಾಯಿ ಮುಚ್ಚಿಕೊಂಡು ನಿಂತಿರುತ್ತೇನೆ, ಗಂಗವ್ವ ಮೂವತ್ತರವರೆಗೂ ಎಣಿಸಿ ಮುಗಿಸುತ್ತಾರೆ.