ರಸ್ತೆ ದಾಟಿ ಬಂದ ಶರಣಪ್ಪ ಮಾಸ್ತರ

ಹೆಂಗಸರು ಯಾರಾದರೂ ಸೀರೆಗೆ ಹೊಂದುವ ಕುಬಸದ ಬಟ್ಟೆ ಹಿಡಿದು ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿದರೆ ಶರಣಪ್ಪ ಮಾಸ್ತರ ತಲೆ ಎತ್ತುತ್ತಿರಲಿಲ್ಲ. ಕಟ್ಟಿಗೆಯ ಅಳತೆಪಟ್ಟಿ ಎತ್ತುತ್ತಿದ್ದರು. ಅದರ ತುದಿ ರಸ್ತೆಯ ಆಚೆಗಿದ್ದ ನನ್ನ ಅಂಗಡಿಯನ್ನು ತೋರಿಸುತ್ತಿತ್ತು. ಮಾತಿಲ್ಲ, ಕತೆಯಿಲ್ಲ. ಅತನೂರಿನಲ್ಲಿ ನಾನು ಹೊಲಿಗೆ ಅಂಗಡಿ ಇಟ್ಟ ಹೊಸದರಲ್ಲಿ ಅರ್ಧ ಗಿರಾಕಿಗಳನ್ನು ನನಗೆ ಕಳಿಸಿದ್ದು ಆ ಪಟ್ಟಿಯೇ. ಅವರ ಬೋರ್ಡಿನ ಮೇಲೆ ‘ಗಂಡಸರ ಉಡುಪುಗಳು ಮಾತ್ರ’ ಎಂದಿತ್ತು. ‘ಮಾತ್ರ’ಕ್ಕೆ ಕೆಂಪು ಬಣ್ಣ ಬಳಿದಿದ್ದರು.

ಮನುಷ್ಯ ಭಾರಿ ಜಂಬಗಾರ. ಪ್ಯಾಂಟಿನ ಇಸ್ತ್ರಿ ಕೆಡುತ್ತದೆಂದು ಮದುವೆ ಊಟಕ್ಕೂ ನೆಲದ ಮೇಲೆ ಕೂರುತ್ತಿರಲಿಲ್ಲ, ನಿಂತೇ ಉಂಡು ಬರುತ್ತಿದ್ದರು. ಯಾರಾದರೂ ಬೇರೆ ಕಡೆ ಹೊಲಿಸಿದ ಪ್ಯಾಂಟು ಹಾಕಿಕೊಂಡು ಎದುರಾದರೆ ಅವನ ಸುತ್ತ ಒಂದು ಸುತ್ತು ಹಾಕಿ, “ಯಾರು ಹೊಲಿದಾರಲೇ ಇದನ್ನ? ಎರಡೂ ಕಾಲು ಬ್ಯಾರೆ ಬ್ಯಾರೆ ಊರಿಗೆ ಹೊಂಟಂಗ ಅದ” ಎನ್ನುತ್ತಿದ್ದರು.

ಆಮೇಲೆ ರೆಡಿಮೇಡ್ ಬಂತು. ಹುಡುಗರು ಕಲಬುರಗಿಯಿಂದ ಜೀನ್ಸ್ ತಂದರು, ಕೂತಲ್ಲೇ ಫೋನಿನಲ್ಲಿ ತರಿಸಿಕೊಂಡರು. ಮಾಸ್ತರರಿಗೆ ಉಳಿದದ್ದು ಆ ಜೀನ್ಸುಗಳನ್ನು ಗಿಡ್ಡ ಮಾಡುವ ಕೆಲಸ. “ಟೇಲರ್ ಹೋಗಿ ಕಾಲು ಕತ್ತರಿಸೋ ಡಾಕ್ಟರ್ ಆಗೇನಿ ನೋಡವ್ವಾ” ಎಂದು ನಗುತ್ತಿದ್ದರು. ಆದರೆ ಹಾಡಹಗಲಲ್ಲಿ ಅವರ ಮಿಷನ್ನಿನ ಸದ್ದು ಕೇಳದಿದ್ದಾಗ ನನಗೇ ಸಂಕಟವಾಗುತ್ತಿತ್ತು. ಅಂಗಡಿ ಮುಚ್ಚಬೇಕು, ಇಲ್ಲವೇ ಬೇರೆ ಏನಾದರೂ ಕಲಿಯಬೇಕು. ಐವತ್ತು ದಾಟಿದವರಿಗೆ ಎರಡೂ ಕಷ್ಟವೇ.

ಒಂದು ದಿನ ರಸ್ತೆ ದಾಟಿ ಬಂದೇಬಿಟ್ಟರು. ನಾನು ಹುಡುಗಿಯರಿಗೆ ಹೊಲಿಗೆ ಹೇಳಿಕೊಡುತ್ತಿದ್ದೆ.

“ಟೀಚರ್ ಅದಾರೇನ್ರಿ?”

ಯಾರನ್ನು ಕೇಳುತ್ತಿದ್ದಾರೆಂದು ಹಿಂದಕ್ಕೆ ತಿರುಗಿ ನೋಡಿದೆ. ಅವತ್ತಿನವರೆಗೂ ನಾನು ಅವರಿಗೆ ಬರೀ “ಏ ಸವಿತಾ”.

“ಇದೇನ್ರಿ ಮಾಸ್ತರ, ಹೊಸಾದು?”

“ಕುಬಸ ಹೊಲಿಯೋದು ಕಲೀಬೇಕಾಗ್ಯದ. ಹೊರಗ ನೀ ಸವಿತಾ. ಈ ಹೊಸ್ತಲ ದಾಟಿದ್ರ ನೀವು ಟೀಚರು, ನಾ ಸಾಲಿ ಹುಡುಗ.”

ಹೀಗೆಂದವರೇ ಇಸ್ತ್ರಿ ಪ್ಯಾಂಟಿನ ಸಮೇತ ಹುಡುಗಿಯರ ನಡುವೆ ಚಾಪೆಯ ಮೇಲೆ ಕೂತರು. ಪಕ್ಕದ ಚಹಾದಂಗಡಿಯಲ್ಲಿ ಕೂತವರು ಬಿದ್ದು ಬಿದ್ದು ನಕ್ಕರು. ನನಗೆ ಮುಜುಗರ, ಅವರಿಗಿಲ್ಲ. “ನಗ್ಲಿ ಬಿಡ್ರಿ. ನಗೋರು ಯಾರೂ ಪ್ಯಾಂಟ್ ಹೊಲಿಸಾಕ ಬರಾಂಗಿಲ್ಲ.”

ಮೊದಲ ಕುಬಸ ಹೊಲಿದದ್ದು ಹೆಂಡತಿ ಕಾಶಿಬಾಯಿಗೆ. ನೋಡಿದರೆ, ಗಂಡಸರ ಅಂಗಿಯ ಹಾಗೆ ಗುಂಡಿಪಟ್ಟಿಯ ಎಡಮಗ್ಗುಲು ಬಲದ ಮೇಲೆ ಬಂದಿತ್ತು. ಸಾಲದ್ದಕ್ಕೆ ಒಳಗೊಂದು ಕಿಸೆ! ರೂಢಿಯ ಮೇಲೆ ಕೈ ತಾನೇ ಇಟ್ಟುಬಿಟ್ಟಿತಂತೆ. “ಎರಡೂ ಬಿಚ್ರಿ” ಎಂದೆ. ಅಲ್ಲೇ ನಿಂತಿದ್ದ ಕಾಶಿಬಾಯಿ ಕುಬಸವನ್ನು ಗಂಡನ ಕೈಯಿಂದ ಕಸಿದುಕೊಂಡರು.

“ಮಗ್ಗಲಾ ಬೇಕಾದ್ರ ಬಿಚ್ರಿ, ಕಿಸೆ ಮುಟ್ಟಬ್ಯಾಡ್ರಿ. ಇಷ್ಟು ವರ್ಷ ಊರಾಗಿನ ಗಂಡಸರಿಗೆಲ್ಲಾ ಕಿಸೆ ಇಟ್ಟು ಕೊಟ್ಟೀರಿ. ನಮ್ಮ ಫೋನ್ ಎಲ್ಲಿ ಇಡೂಣು?”

ಕಾಶಿಬಾಯಿಯ ಜೊತೆ ಹತ್ತಿ ಬಿಡಿಸಲು ಹೋಗುವ ಹೆಂಗಸರು ಹೊಲದಲ್ಲಿ ಆ ಕಿಸೆ ನೋಡಿದರು. ಆಮೇಲೆ ಕೇಳಬೇಕೆ! “ಕಾಶಿಬಾಯಿದಂಥಾದೇ ಬೇಕ್ರಿ” ಎಂದು ಒಬ್ಬರ ಹಿಂದೆ ಒಬ್ಬರು ಬಂದರು. ಮಾಸ್ತರ ಏಣಿ ಹತ್ತಿ ಬೋರ್ಡಿನ ಮೊದಲ ಪದವನ್ನೂ ಕೊನೆಯ ಪದವನ್ನೂ ಅಳಿಸಿದರು, ‘ಉಡುಪುಗಳು’ ಅಷ್ಟೇ ಉಳಿಯಿತು. ನನ್ನ ಕೆಲವು ಗಿರಾಕಿಗಳೂ ಅತ್ತ ಹೋದರು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಕೊನೆಗೆ ನಾನೇ ಅವರ ಹತ್ತಿರ ಹೋಗಿ ಕಿಸೆ ಇಡುವುದನ್ನು ಕಲಿತು ಬಂದೆ.

ಮಾಸ್ತರ ಇನ್ನು ಇಲ್ಲೇ ನೆಮ್ಮದಿಯಾಗಿ ಇರುತ್ತಾರೆ ಅಂದುಕೊಂಡೆ. ಅಷ್ಟರಲ್ಲಿ ಜೇವರ್ಗಿಯಲ್ಲಿ ಹೆಂಗಸರೇ ಸೇರಿ ನಡೆಸುವ ಒಂದು ಹೊಲಿಗೆ ಕೇಂದ್ರದವರು ಬಟ್ಟೆ ಕತ್ತರಿಸುವ ಮಾಸ್ತರ ಬೇಕೆಂದು ಹುಡುಕಿಕೊಂಡು ಬಂದರು. ನಮ್ಮ ಮಾಸ್ತರ ಹೂಂ ಎಂದರು, ನನ್ನ ಅಂಗಡಿಗೆ ಬಂದು ಸುದ್ದಿ ಹೇಳಿದರು.

“ಇಷ್ಟು ಚಲೋ ನಡದದ, ಈಗ್ಯಾಕ್ರಿ ಮಾಸ್ತರ?”

“ಚಲೋ ನಡದಾಗ್ಲೇ ಹೊಂಡಬೇಕ್ರಿ ಟೀಚರ್. ಕೆಟ್ಟ ಮ್ಯಾಲ ಹೊಂಟ್ರ ಓಡಿ ಹೋದ ಅಂತಾರ.” ಕಾಲಿನಿಂದ ತುಳಿಯುವ ನನ್ನ ಮಿಷನ್ನಿನ ಚಕ್ರವನ್ನು ಒಮ್ಮೆ ತಿರುಗಿಸಿದರು. “ಅಲ್ಲಿ ಎಲ್ಲಾ ಕರೆಂಟಿನ ಮಿಷನ್ ಅಂತ. ಅಂಜಿಕಿ ಬರಾಕತ್ತದ, ಖರೇನ. ಅಂಜಿಕಿ ಬಂದಲ್ಲಿ ಕಲಿಯೋದು ಏನರ ಇದ್ದೇ ಇರ್ತದ. ಫಿಕರ್ ಮಾಡಬ್ಯಾಡ್ರಿ.”

ಬಸ್ಸು ಹತ್ತಿದ ಮೇಲೆ ಹಿಂದಕ್ಕೆ ತಿರುಗಿ ನೋಡಲಿಲ್ಲ. ಮುಂದಿನ ಗಾಜಿನತ್ತ ನೋಡುತ್ತ ನೆಟ್ಟಗೆ ಕೂತಿದ್ದರು. ನನಗೆ ಅಳು ಬಂತು, ಹೆಮ್ಮೆಯೂ ಆಯಿತು.

ಕೆಲವು ದಿನಗಳ ನಂತರ ಒಬ್ಬ ಹಿರಿಯರು ಪ್ಯಾಂಟಿನ ಬಟ್ಟೆ ಹಿಡಿದು ಅವರ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದರು. ಯಾವ ರೆಡಿಮೇಡಿಗೂ ಹೊಂದದ ಹೊಟ್ಟೆ ಅವರದು.

“ಮಾಸ್ತರ ಎಲ್ಲಿ ಹೋಗ್ಯಾನವ್ವಾ?”

“ಜೇವರ್ಗಿಗೆ ಹೋಗ್ಯಾರ್ರಿ ಕಾಕಾ. ಇನ್ನ ಈ ಅಂಗಡಿ ತೆಗೆಯಾಂಗಿಲ್ಲ.”

“ಮತ್ತ ನನ್ನ ಪ್ಯಾಂಟ್ ಯಾರು ಹೊಲಿಬೇಕು?”

ನನ್ನ ತಲೆಯ ಮೇಲೆ ‘ಲೇಡೀಸ್ ಟೇಲರ್’ ಎಂಬ ಬೋರ್ಡಿತ್ತು. ಗಂಡಸರ ಪ್ಯಾಂಟಿಗೆ ನಾನು ಎಂದೂ ಕೈ ಹಚ್ಚಿದವಳಲ್ಲ. ಅಂಜಿಕೆ ಬಂತು, ಮಾಸ್ತರ ಅಂದಂತೆಯೇ. ಟೇಪು ತೆಗೆದುಕೊಂಡೆ.

“ಒಳಗ ಬರ್ರಿ ಕಾಕಾ” ಎಂದೆ. “ನೆಟ್ಟಗ ನಿಂದರ್ರಿ. ಹೊಟ್ಟಿ ಒಳಗ ಎಳಕೋಬ್ಯಾಡ್ರಿ.”