ತಿಪ್ಪಮ್ಮಜ್ಜಿ ಹೂತಿಟ್ಟ ಡಬ್ಬಿ

ಮೂರು ತಿಂಗಳ ಹಿಂದೆ ರಾಮಗಿರಿಯ ಒಂದು ಹಿತ್ತಲಲ್ಲಿ ನಾನು ಹಾರೆ ಹಿಡಿದು ನಮ್ಮಕ್ಕನ ಗರ್ಭಕೋಶವನ್ನು ಅಗೆದು ತೆಗೆದೆ.

ಗಾಬರಿಯಾಗಬೇಡಿ. (ಕಾಫಿ ಕುಡಿಯುತ್ತ ಓದುತ್ತಿದ್ದರೆ ಲೋಟ ಕೆಳಗಿಡಿ.) ಅಕ್ಕ ಬದುಕಿದ್ದಾಳೆ. ಚೆನ್ನಾಗಿಯೇ ಬೈಯುತ್ತಾಳೆ.

ಗಿರಿಜಕ್ಕ ನನ್ನ ದೊಡ್ಡಮ್ಮನ ಮಗಳು, ಅಂಗನವಾಡಿ ಟೀಚರ್. ಅವಳಿಗೆ ಅದಕ್ಕೂ ಆರು ತಿಂಗಳ ಮೊದಲಿಂದ ವಿಪರೀತ ರಕ್ತಸ್ರಾವ. ಮುಟ್ಟು ನಿಲ್ಲುವ ವಯಸ್ಸು, ಹಾಗೇ ಆಗುತ್ತೆ ಎಂದು ಊರೆಲ್ಲ ಹೇಳಿತು, ಅವಳೂ ನಂಬಿದಳು. ಒಂದು ದಿನ ಮಕ್ಕಳೆದುರೇ ತಲೆಸುತ್ತಿ ಬಿದ್ದ ಮೇಲೆ ಹೊಳಲ್ಕೆರೆಯ ನರ್ಸಿಂಗ್ ಹೋಮ್‌ಗೆ ಹೋದೆವು. ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಕಂಡಿತು. ಫೈಬ್ರಾಯ್ಡ್, ಅಂದರೆ ಅಪಾಯವಿಲ್ಲದ ಮಾಮೂಲಿ ಗಡ್ಡೆ ಇರಬೇಕು, ಗರ್ಭಕೋಶ ತೆಗೆಯೋಣ ಎಂದರು ಡಾಕ್ಟರಮ್ಮ. ತೆಗೆದರು.

ಆಮೇಲೆ ನನ್ನ ಕೈಗೆ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಒಳಗೆ ಕೊಳೆಯದಂತೆ ಕಾಪಾಡುವ ಔಷಧಿ ನೀರು, ಅದರಲ್ಲಿ ಅಕ್ಕನ ಗರ್ಭಕೋಶ. ಮುಚ್ಚಳ ತೆಗೆಯಬೇಡಿ, ನಾಳೆಯೇ ಚಿತ್ರದುರ್ಗದ ಲ್ಯಾಬಿಗೆ ಮುಟ್ಟಿಸಿ ಎಂದರು. ದುರ್ಗದಲ್ಲೇ ಇರುವವನು ನಾನು, ಅದೇನು ದೊಡ್ಡ ಕೆಲಸ?

ಅಕ್ಕನ ಬಟ್ಟೆ ತರಲು ರಾಮಗಿರಿಗೆ ಹೋದವನು ಡಬ್ಬಿಯ ಚೀಲವನ್ನು ಅವರ ಮನೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆ. ಏನೆಂದು ಕೇಳಿದ ಅವಳ ಅತ್ತೆ ತಿಪ್ಪಮ್ಮಜ್ಜಿಗೆ ವಿಷಯ ಹೇಳಿ, ಮುಚ್ಚಳ ಮಾತ್ರ ತೆಗೀಬೇಡಿ ಎಂದು ಎಚ್ಚರಿಸಿದೆ. ನಾಳೆ ಬಂದು ಒಯ್ದರಾಯಿತು ಎಂದು ಚೀಲ ಅಲ್ಲೇ ಬಿಟ್ಟು ಹೊರಟೆ. ಮರುದಿನ ಏನೋ ಕೆಲಸ. ಅದರ ಮರುದಿನ ಸೋಮಾರಿತನ. ಗಡ್ಡೆ ಹೊರಗೆ ಬಂತಲ್ಲ, ಇನ್ನೆಂಥ ಟೆಸ್ಟು, ಸೋಮವಾರ ನೋಡಿದರಾಯಿತು ಅಂದುಕೊಂಡೆ. ವಾರವಾರ ಈ ಅಂಕಣದಲ್ಲಿ ನಿಮಗೆಲ್ಲ ಬುದ್ಧಿ ಹೇಳುವ ಮನುಷ್ಯ ನಾನು!

ಸೋಮವಾರ ಹೋದರೆ ಮೊಳೆ ಇದೆ, ಚೀಲ ಇಲ್ಲ.

ತಿಪ್ಪಮ್ಮಜ್ಜಿ ಒಂದು ಕಾಲದಲ್ಲಿ ಊರಿನ ಸೂಲಗಿತ್ತಿ. ಹೆರಿಗೆಯಾದ ಮೇಲೆ ಬೀಳುವ ಮಾಸನ್ನು ನಾಯಿ, ಬೆಕ್ಕು ಮುಟ್ಟದ ಹಾಗೆ ಹಿತ್ತಲಲ್ಲಿ ಆಳವಾಗಿ ಹೂಳುವುದು ನಮ್ಮಲ್ಲಿ ಪದ್ಧತಿ. ಆ ಕೆಲಸವನ್ನು ಎಷ್ಟು ಮನೆಗಳಲ್ಲಿ ಮಾಡಿದ್ದಾರೋ ಅವರಿಗೇ ಲೆಕ್ಕವಿಲ್ಲ.

"ಎರ್ಡು ಮಕ್ಳನ್ನ ಹೊತ್ತಿದ್ದು ಕಣಪ್ಪ ಅದು. ಮೊಳೆಗೆ ನೇತಾಕೋ ವಸ್ತುವಾ? ಮಣ್ಣಿಗಿಟ್ಟೆ" ಎಂದರು.

ಮುಚ್ಚಳ ತೆಗೆದಿರಾ ಎಂದು ಕೇಳಿದೆ.

"ತೆಗೀಬ್ಯಾಡ ಅಂತ ನೀನೇ ಹೇಳಿದ್ದಲ್ಲ? ಡಬ್ಬಿ ಸಮೇತ ಐತೆ."

ಅಬ್ಬಾ! ನುಗ್ಗೆ ಮರದ ಬುಡದಲ್ಲಿ ಅಗೆದೆ. ಡಬ್ಬಿ ಒಂದು ಹನಿ ಸೋರಿರಲಿಲ್ಲ. ಸಿಕ್ಕಿದ ಬಸ್ಸು ಹತ್ತಿ, ಅದನ್ನು ತೊಡೆಯ ಮೇಲಿಟ್ಟುಕೊಂಡೇ ದುರ್ಗಕ್ಕೆ ಬಂದೆ.

ವಾರದ ಮೇಲೆ ಲ್ಯಾಬಿನ ಡಾಕ್ಟರು ಕರೆದರು. ಇದು ಮಾಮೂಲಿ ಗಡ್ಡೆಯಲ್ಲ, ಕ್ಯಾನ್ಸರ್, ಯಾವ ಜಾತಿಯದು ಎಂದು ತಿಳಿಯಲು ವಿಶೇಷ ಬಣ್ಣ ಹಾಕಿ ನೋಡಬೇಕು ಎಂದು ಅದರ ತುಣುಕನ್ನು ಬೆಂಗಳೂರಿಗೆ ಕಳಿಸಿದರು. ಉತ್ತರ ಬಂತು: ಆಂಜಿಯೋಸಾರ್ಕೋಮಾ. ರಕ್ತನಾಳದ ಒಳಪದರದ ಜೀವಕೋಶಗಳಿಂದ ಹುಟ್ಟುವ ಕ್ಯಾನ್ಸರ್. ಗರ್ಭಕೋಶದಲ್ಲಿ ಬರುವುದು ತೀರಾ ಅಪರೂಪ, ನಾನಂತೂ ಪುಸ್ತಕದಲ್ಲಷ್ಟೇ ಓದಿದ್ದೆ ಎಂದು ಲ್ಯಾಬಿನ ಡಾಕ್ಟರೇ ಒಪ್ಪಿಕೊಂಡರು. ಬಲು ಬೇಗ ಹರಡುವ ಜಾತಿ.

ಅವತ್ತು ನಾನು ಅತ್ತುಬಿಟ್ಟೆ. ಸುಳ್ಳೇಕೆ ಹೇಳಲಿ?

ಆದರೆ ಅಕ್ಕನ ಎದೆ, ಹೊಟ್ಟೆಯ ಸ್ಕ್ಯಾನ್‌ನಲ್ಲಿ ಎಲ್ಲೂ ಹರಡಿದ ಗುರುತಿಲ್ಲ. ಕೀಮೋ ಶುರುವಾಗಿದೆ. ವರ್ಷಗಟ್ಟಲೆ ಕಣ್ಣಿಟ್ಟು ಕಾಯಬೇಕಂತೆ. ಕಾಯುತ್ತೇವೆ. ಶತ್ರುವಿನ ಹೆಸರು ಗೊತ್ತಲ್ಲ, ಅದೇ ಧೈರ್ಯ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಗಡ್ಡೆ ಇದೆ ಎಂದು ಸ್ಕ್ಯಾನಿಂಗ್ ಹೇಳುತ್ತದೆ, ಅದು ಎಂಥದ್ದು ಎಂದು ಖಚಿತವಾಗಿ ಹೇಳುವುದು ಮೈಕ್ರೋಸ್ಕೋಪು. ತೆಗೆಸಿದ್ದೀವಿ, ಮುಗೀತು ಅನ್ನುವವರೇ, ರಿಪೋರ್ಟ್ ಬಂದ ಮೇಲೆ ಮುಗಿಯಿತು ಅನ್ನಿ. ತಿಂಗಳುಗಟ್ಟಲೆ ರಕ್ತ ಹೋಗುತ್ತಿದ್ದರೆ ವಯಸ್ಸಿನ ಮೇಲೆ ಹಾಕಬೇಡಿ.

ಕಳೆದ ಭಾನುವಾರ ರಾಮಗಿರಿಗೆ ಹೋಗಿದ್ದೆ. ಎರಡನೇ ಕೀಮೋ ಮುಗಿಸಿದ ಅಕ್ಕ ತಲೆಗೆ ಬಟ್ಟೆ ಕಟ್ಟಿಕೊಂಡು, ಉಪ್ಪಿಟ್ಟಿಗೆ ಉಪ್ಪಿಲ್ಲ ಎಂದು ಭಾವನಿಗೆ ಬೈಯುತ್ತಿದ್ದಳು. ಕೇಳಿ ಖುಷಿಯಾಯಿತು. ಆ ಖುಷಿಯಲ್ಲೇ ತಿಪ್ಪಮ್ಮಜ್ಜಿಯನ್ನು ರೇಗಿಸಿದೆ, ಇನ್ನೇನು ನಮ್ಮಕ್ಕನ ಜೀವವನ್ನೇ ಹೂತುಬಿಡ್ತಿದ್ರಲ್ಲ ಅಜ್ಜಿ ಎಂದು.

ಅವರು ಅವರೆಕಾಯಿ ಸುಲಿಯುತ್ತ, ತಲೆಯೆತ್ತದೆ ಕೇಳಿದರು:

"ನಾನು ಗೊತ್ತಿಲ್ದೆ ಹೂತೆ. ನೀನು ಓದ್ದೋನು, ಗೊತ್ತಿದ್ದೂ ನಾಕು ದಿನ ನೇತಾಕಿದ್ದೆಯಲ್ಲ, ಅದ್ಯಾಕಪ್ಪ?"